ಗೋಡೆಯ ಮೇಲೆ ಇಬ್ಬರು

ಹೆಂಡತಿ ಜತೆಗಿಲ್ಲದಿದ್ದರೂ ರಾಜನ ಹಾಗೆ ಬದುಕಿ ತೋರಿಸುತ್ತೇನೆ ಎಂದು ಎದೆ ತಟ್ಟಿ ಹೇಳಿ ಬಂದವನು ನಾನು, ಮಚ್ಛೇಂದ್ರ!

ಮನೆ ಬೀದರದ ಚಿದ್ರಿಯಲ್ಲಿ. ಹೆಂಡತಿ ಮಹಾಮಾಯಾ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ನನಗೆ ಔರಾದಿಗೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ಓಡಾಡಿ ಓಡಾಡಿ ಸೊಂಟ ರಾಜೀನಾಮೆ ಕೊಟ್ಟಿತು. ಕೊನೆಗೆ ಔರಾದಿನಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದೆ. ನನ್ನ ರವಿವಾರಕ್ಕೂ ಅವಳ ಡ್ಯೂಟಿಗೂ ಆಗಿಬರುವುದಿಲ್ಲ. ಊರಿಗೆ ಹೋದರೆ ಬೀಗವೇ ನನ್ನನ್ನು ಬರಮಾಡಿಕೊಳ್ಳುತ್ತಿತ್ತು.

"ನಿಮಗ ಒಬ್ಬರೇ ಇರ್ಲಿಕ್ಕ ಆಗಲ್ರಿ," ಎಂದಿದ್ದಳು ಹೊರಡುವಾಗ.

"ನೋಡ್ತಿರು, ನಿನ್ನ ನೆನಪೇ ಬರಲ್ಲ ನನಗ!" ಎಂದಿದ್ದೆ. ಬಾಯಿ ನನ್ನದೇ, ಯಾರನ್ನು ದೂರಲಿ!

"ಖೋಲಿ ಫೋಟೋ ಕಳಸ್ರಿ, ಹ್ಯಾಂಗ ಇರ್ತೀರಿ ನೋಡ್ತೇನಿ," ಎಂದು ಒಂದು ದಿನ ಫೋನು ಬಂತು. ಇದ್ದದ್ದು ಒಂದೇ ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ. ಬಲ್ಬು ನನ್ನ ಮುಖದಷ್ಟೇ ಮಂಕು. ಆಫೀಸು ಬಿಟ್ಟ ಮೇಲೆ ಮರುದಿನದವರೆಗೆ ನನ್ನೊಡನೆ ಮಾತಾಡುವ ಒಂದು ಜೀವವೂ ಇರಲಿಲ್ಲ. ಅಂಥ ಖೋಲಿಯನ್ನು ಇದ್ದ ಹಾಗೇ ತೋರಿಸಿದರೆ ರಾಜನ ಗತಿ ಏನು? ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಖೋಲಿಯ ನಡುವೆ ನಿಂತು ನನ್ನದೊಂದು ಫೋಟೋ ತೆಗೆದುಕೊಂಡೆ.

ಲ್ಯಾಪ್‌ಟಾಪಿಗೆ ಫೋಟೋ ತಿದ್ದುವ ಸಾಫ್ಟ್‌ವೇರ್ ಇಳಿಸಿಕೊಂಡೆ. ವಿಡಿಯೋ ನೋಡಿ ಕಲಿತೆ. ಮೌಸು ಎಳೆದರೆ ಕಿಟಕಿಯಿಂದ ಬಿಸಿಲು! ಸೂರ್ಯ ನನ್ನ ಬೆರಳ ತುದಿಯಲ್ಲಿ! ಬೆಳಕು ಹಾಕಿದವನು ನೆರಳನ್ನೂ ಹಾಕಬೇಕು ಎಂದಿದ್ದ ವಿಡಿಯೋದವನು. ಗೋಡೆಯ ಮೇಲೆ ನನ್ನ ನೆರಳು ಮೂಡಿಸಿದೆ. ಆಮೇಲೆ ಬಲ್ಬನ್ನೂ ಝಗಮಗ ಮಾಡಿದೆ. ಎರಡು ಬೆಳಕಿಗೆ ಎರಡು ನೆರಳು, ಇದು ವಿಜ್ಞಾನ! ಎರಡನೆಯದಕ್ಕೆ ಜಾಗ ಸಾಲಲಿಲ್ಲ. ಕೊಂಚ ಕುಗ್ಗಿಸಿ ಪಕ್ಕದಲ್ಲಿ ಕೂರಿಸಿದೆ. ಬರೀ ಹೆಂಡತಿಗೆ ತೋರಿಸಿದರೆ ಸಾಲದೆಂದು ಮನೆಯವರ ಗ್ರೂಪಿಗೇ ಹಾಕಿದೆ.

ತಕ್ಷಣ ಮಹಾಮಾಯಾಳ ಫೋನು.

"ಏನ್ರೀ, ಖೋಲ್ಯಾಗ ಒಬ್ಬರೇ ಇದ್ದೀರಿ, ಗ್ವಾಡಿ ಮ್ಯಾಲ ಇಬ್ಬರು ಹ್ಯಾಂಗ?"

"ಎರಡೂ ನಂದೇ ನೆರಳು!"

"ನಿಮ್ಮ ನೆರಳು ಸೆರಗು ಹೊದ್ದದೇನು?"

ನೋಡಿದೆ. ಹೆಗಲ ಮೇಲಿನ ಟವೆಲ್ಲು ಆ ಕುಗ್ಗಿಸಿದ ನೆರಳಿನಲ್ಲಿ ಸೆರಗಾಗಿ ಇಳಿದಿತ್ತು! ಓಡಿಹೋಗಿ ಆ ನೆರಳನ್ನು ಅಳಿಸಿ ಫೋಟೋವನ್ನು ಮತ್ತೆ ಗ್ರೂಪಿಗೆ ಹಾಕಿದೆ. ಭಾಲ್ಕಿಯಿಂದ ಅತ್ತೆ ಸುಭದ್ರಾಬಾಯಿಯ ದನಿ ಗ್ರೂಪಿನಲ್ಲಿ ಗುಡುಗಿತು: "ಅಳಿಯಾನೋರೆ, ಈಗಷ್ಟೇ ಇದ್ದಾಕಿ ಎಲ್ಲಿ ಹೋದ್ಳು?"

ಗಾಬರಿಯಲ್ಲಿ ಇದ್ದ ಇನ್ನೊಂದು ನೆರಳನ್ನೂ ಅಳಿಸಿ ಫೋಟೋ ಕಳಿಸಿದೆ.

"ಯವ್ವಾ! ಈಗ ಅಳಿಯಾಗ ನೆರಳೇ ಇಲ್ಲ! ದೆವ್ವ ಬಡದದ!"

ಮರುದಿನ ಮಹಾಮಾಯಾ ಡ್ಯೂಟಿ ಬದಲಿಸಿಕೊಂಡು, ತವರಿಗೂ ಹೇಳದೆ, ಔರಾದಿನ ಬಸ್ಸಿನಿಂದ ಇಳಿದಳು. ಜಗಳಕ್ಕೆ ಬಂದವಳನ್ನು ಕಂಡು ನನಗೆ ಹಬ್ಬವೋ ಹಬ್ಬ! ಬಾಗಿಲ ಹಿಂದೆ ನೋಡಿದಳು, ಮಂಚದ ಕೆಳಗೆ ಬಗ್ಗಿದಳು. ಒಂದು ತಾಟು, ಒಂದು ಗ್ಲಾಸು, ಒಂದು ದಿಂಬು. ಒಲೆಯ ಮೇಲೆ ಚೂಡಾ ಅವಲಕ್ಕಿಯ ಖಾಲಿ ಪ್ಯಾಕೆಟ್ಟುಗಳು.

"ಬಿಸಿಲು ಎಲ್ಲದರಿ?"

"ಅದನ್ನೂ ನಾನೇ ಹಾಕಿದ್ದೆ."

ಮಂಚದ ಅಂಚಿನಲ್ಲಿ ಕೂತಳು. "ಯಾರರೆ ಇದ್ದಿದ್ರ ಜಗಳಾಡಿ ಹೋಗ್ತಿದ್ದೆ. ಹಿಂಗ ಒಬ್ಬರೇ ಇದ್ದೀರಲ್ಲ, ಇದಕ್ಕೇನ್ ಮಾಡ್ಲಿರಿ?"

"ನಿನ್ನ ನೆನಪು ಭಾಳ ಬರ್ತದ," ಎಂದೆ. ಬಡಾಯಿಯೆಲ್ಲ ಅಲ್ಲಿಗೆ ಮುಗಿಯಿತು.

ಚಹಾ ಮಾಡಿದಳು. ಇದ್ದ ಒಂದೇ ಗ್ಲಾಸಿನಲ್ಲಿ ಸರದಿಯಂತೆ ಕುಡಿದೆವು. ಅದೇ ಮಂಕು ಬಲ್ಬು, ಗೋಡೆಯ ಮೇಲೆ ಎರಡು ನೆರಳು! ಮೊಬೈಲನ್ನು ಕಿಟಕಿಯಲ್ಲಿಟ್ಟು ಇಬ್ಬರದೂ ಫೋಟೋ ತೆಗೆದೆ.

ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಖೋಲಿ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಆ ಫೋಟೋವನ್ನು ಒಂದಿಷ್ಟೂ ತಿದ್ದದೆ ಹೆಮ್ಮೆಯಿಂದ ಗ್ರೂಪಿಗೆ ಹಾಕಿದೆ.

ಮೊದಲು ಉತ್ತರಿಸಿದವನು ಹೆಂಡತಿಯ ತಮ್ಮ ವಿಶ್ವಾಸ: "ವಾಹ್ ಭಾವಾ! ಅಕ್ಕನ್ನ ಫೋಟೋದಾಗ ಭಾಳ ಚೊಲೋ ಕೂಡಿಸೀರಿ, ನೆರಳೂ ಬರೋಬ್ಬರಿ ಬಿದ್ದದ. ಆದ್ರ ನಿಮ್ಮ ಮುಖದ ಮ್ಯಾಲಿನ ನಗು ಒಂದೀಟು ಕಮ್ಮಿ ಮಾಡ್ರಿ. ಅಲ್ಲೇ ಸಿಕ್ಕಿಬಿದ್ದೀರಿ ನೋಡ್ರಿ!"