ಕಣ್ಣಿಗೆ ಪಟ್ಟಿ, ಕೈಗೆ ಪರೀಕ್ಷೆ

ಇದು ನಡೆದದ್ದು ಕಳೆದ ಜನವರಿಯಲ್ಲಿ, ತೊಗರಿ ರಾಶಿಯ ಕಾಲಕ್ಕೆ. ತೊಗರಿ ಕಟ್ಟಿಗೆ ಬಡಿದು ನನ್ನ ಬಲಗಣ್ಣಿಗೆ ಗಾಯವಾಯಿತು. ಇಂಡಿ ಊರಿನ ಡಾಕ್ಟರು ಪಟ್ಟಿ ಕಟ್ಟಿ, ತಾವು ಹೇಳುವತನಕ ಬಿಚ್ಚಬಾರದು ಎಂದರು. ಮುಂದಿನ ವಾರವೇ ಸಿಂದಗಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕಿ ಕೆಲಸಕ್ಕೆ ನನಗೆ ಪರೀಕ್ಷೆ. ಗಾಜಿನ ಸಾಮಾನು ಎತ್ತಿಡುವ ಪರೀಕ್ಷೆ. ಬಿ.ಎಸ್‌ಸಿ. ಮುಗಿಸಿದ ಮೇಲೆ ಬಂದ ಮೊದಲ ಕರೆ. ಒಂದು ಕಣ್ಣು ಮುಚ್ಚಿದವರಿಗೆ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ.

೧. ಚಹಾ

ಕೈ ಕಪ್ಪನ್ನು ಮುಟ್ಟುವ ಮೊದಲೇ ಎರಡೂ ಕಣ್ಣು ಸೇರಿ ದೂರ ಅಳೆದಿರುತ್ತವೆ. ಬೆರಳು ಅದಕ್ಕೆ ತಕ್ಕಂತೆ ತೆರೆದು ಮುಚ್ಚುತ್ತವೆ. ಒಂದೇ ಕಣ್ಣಿಗೆ ಆ ಅಳತೆ ತಪ್ಪುತ್ತದೆ. ಕಾಕಾ ಚಹಾ ಕೊಟ್ಟರು. ನನ್ನ ಬೆರಳು ಕಪ್ಪಿಗಿಂತ ಈಚೆಗೇ ಮುಚ್ಚಿಕೊಂಡವು. ನಾನು ಹಿಡಿದೆನೆಂದು ಅವರು ಬಿಟ್ಟರು.

"ಗಾಳಿ ಹಿಡದ್ಯೇನವಾ?"

"ಕಪ್ಪು ಅಲ್ಲೇ ಐತಿ ಅನಿಸ್ತು, ಕಾಕಾ."

"ಮೊದಲ ಅಲ್ಲೇ ಇತ್ತು. ಈಗ ನನ್ನ ಧೋತರದಾಗ ಐತಿ."

೨. ರೊಟ್ಟಿ

ಕಣ್ಣನ್ನು ನಂಬಬಾರದೆಂದು ತೀರ್ಮಾನಿಸಿದೆ. ಸಾಮಾನು ಇಟ್ಟ ಹಲಗೆಯ ಮೇಲೆ ಬೆರಳು ಜಾರಿಸುತ್ತ ಹೋಗಬೇಕು, ತಾಗಿದ ಮೇಲೆ ಹಿಡಿಯಬೇಕು. ಅಭ್ಯಾಸಕ್ಕೆ ಗಾಜಿನ ಬದಲು ಕಡಕ್ ರೊಟ್ಟಿ. ಬಿಗಿ ಹಿಡಿದರೆ ಮುರಿಯುತ್ತದೆ, ಸಡಿಲ ಬಿಟ್ಟರೆ ಬಿದ್ದು ಮುರಿಯುತ್ತದೆ. ಮುರಿದದ್ದನ್ನೆಲ್ಲ ನಾನೇ ತಿನ್ನಬೇಕೆಂದು ಅವ್ವ ತಾಕೀತು ಮಾಡಿದಳು. ವಾರ ಮುಗಿಯುವಷ್ಟರಲ್ಲಿ ಮುರಿಯುವುದು ನಿಂತಿತು.

"ನನ್ನ ಕೈ ಸುಧಾರಿಸೇತಿ ನೋಡ, ಅವ್ವಾ."

"ಕೈ ಅಲ್ಲ, ರೊಟ್ಟಿ ತಿಂದ ತಿಂದ ನಿನ್ನ ಹೊಟ್ಟಿ ಬಿರಿಯಾಕತ್ತೈತಿ. ಹೆದರಿ ಹಿಡ್ಯಾಕತ್ತಿ."

೩. ಬಸ್ಸು

ಪರೀಕ್ಷೆಯ ದಿನ ಸಿಂದಗಿ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಡ್ರೈವರ್ ಬ್ರೇಕ್ ಹಾಕಿದ. ಕಂಬಕ್ಕೆ ಕೈ ಚಾಚಿದೆ. ಏನೋ ತಾಗಿತು, ಹಿಡಿದೆ. ಮೆತ್ತಗಿತ್ತು. ಮುಂದೆ ನಿಂತಿದ್ದ ಅಜ್ಜನ ತಲೆಗೆ ಸುತ್ತಿದ ಪಟಗ.

"ಬಿಡವಾ ತಂಗಿ, ಬಿಚ್ಚತೈತಿ."

"ಬಿಟ್ಟರ ಬೀಳ್ತೇನಿ, ಅಜ್ಜಾ."

"ಹಂಗಾದ್ರ ಗಟ್ಟಿ ಹಿಡಿ. ಬಿದ್ದರ ಇಬ್ಬರೂ ಕೂಡೇ ಬೀಳೂಣು."

೪. ಪ್ರನಾಳ

ಒಂದು ಸ್ಟ್ಯಾಂಡಿನಿಂದ ಗಾಜಿನ ಪ್ರನಾಳಗಳನ್ನು ಒಂದೊಂದೇ ಎತ್ತಿ ಇನ್ನೊಂದು ಸ್ಟ್ಯಾಂಡಿಗೆ ಇಡಬೇಕು. ಪರೀಕ್ಷೆ ನಡೆಸುವ ಮೇಡಂ ಮೊದಲೇ ಹೇಳಿದರು: "ಒಂದ ಒಡದರೂ ಮನಿಗೆ."

ಮುದ್ದೇಬಿಹಾಳದಿಂದ ಬಂದಿದ್ದವನು ಮಾತಾಡುತ್ತ ಎತ್ತಿದ. ಎರಡನೆಯದೇ ಒಡೆಯಿತು. ಬಸವನ ಬಾಗೇವಾಡಿಯವಳು ಗಡಿಯಾರ ನೋಡುತ್ತ ಎತ್ತಿದಳು. ಕೊನೆಯದು ಹೋಯಿತು. ಉಳಿದವಳು ನಾನು. ಮೇಡಂ ನನ್ನ ಪಟ್ಟಿ ನೋಡಿದರು.

"ಪರೀಕ್ಷಾ ಮುಂದ ಹಾಕಾಕ ಬರೂದಿಲ್ರಿ."

"ಹೌದ್ರಿ."

ಮೇಜಿನ ಮೇಲೆ ಬೆರಳು ಜಾರಿಸಿದೆ. ಸ್ಟ್ಯಾಂಡು ತಾಗಿತು. ಅದರ ಮೇಲೆ ಗಾಜು ತಾಗಿತು. ಹಿಡಿದೆ, ಎತ್ತಿದೆ, ಇಟ್ಟೆ. ಕೊನೆಯದನ್ನು ಎತ್ತಿದಾಗ ಬೆವರಿಗೆ ಜಾರಿತು. ಕಣ್ಣಿಗೆ ಗೊತ್ತಾಗುವ ಮೊದಲೇ ಬೆರಳು ತಾವಾಗಿಯೇ ಬಿಗಿದವು. ಇಟ್ಟೆ.

"ಇಷ್ಟ ಸಾವಕಾಶ ಯಾಕ್ರಿ?"

"ಒಂದ ಕಣ್ಣಿಗೆ ಕಾಣತೈತ್ರಿ, ಮೇಡಂ."

ಅವರು ನೆಲದ ಮೇಲಿನ ಗಾಜಿನ ಚೂರುಗಳನ್ನೂ, ಎರಡೆರಡು ಕಣ್ಣಿದ್ದ ಆ ಇಬ್ಬರನ್ನೂ ನೋಡಿದರು.

"ಸೋಮವಾರ ಕೆಲಸಕ್ಕ ಬರ್ರಿ. ಬರೂಮುಂದ ಆ ಪಟ್ಟಿ ಮಾತ್ರ ಬಿಚ್ಚಬ್ಯಾಡ್ರಿ."

ಆದರೆ ಡಾಕ್ಟರು ಬಿಚ್ಚಿದರು. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ. ಆಮೇಲೆ ನಾನು ಒಡೆದ ಪ್ರನಾಳಗಳು ನಾಲ್ಕು.