ಏಣಿ ಹತ್ತದ ಎವೆಲಿಯೊ ಆಕಾಶ ಹತ್ತಿದ್ದು

"ಇನ್ನು ಮುಂದೆ ನಮ್ಮ ಮೆಡೆಯಿನ್ ನಗರದ ಗೋಡೆಚಿತ್ರಗಳನ್ನು ಜಗತ್ತು ಆಕಾಶದಿಂದ ನೋಡುತ್ತೆ! ತೋರಿಸೋನು ನಾನು!"

ಎವೆಲಿಯೊ ಹೀಗೆ ಘೋಷಿಸಿದ್ದು ಯಾವ ವೇದಿಕೆಯ ಮೇಲೂ ಅಲ್ಲ, ಭಾನುವಾರದ ಊಟದ ಮೇಜಿನ ಮುಂದೆ, ಒಂದು ಕೈಯಲ್ಲಿ ಅರೆಪಾ ರೊಟ್ಟಿ, ಇನ್ನೊಂದರಲ್ಲಿ ಕೋಳಿಕಾಲು ಹಿಡಿದುಕೊಂಡು. ಕೇಳುವವರು ಇಬ್ಬರೇ: ಹೆಂಡತಿ ರೊಸಾಲ್ಬಾ ಮತ್ತು ಅವಳ ತಮ್ಮ ಅರ್ಲೇ. ಅರ್ಲೇಯದು ಗುಡ್ಡದ ನೆತ್ತಿಯಿಂದ ಪ್ಯಾರಾಗ್ಲೈಡರ್ ಹಾರಿಸುವ ಕೆಲಸ. ಎವೆಲಿಯೊನದು ಅದೇ ಗುಡ್ಡದ ಇಳಿಜಾರಿನಲ್ಲಿರುವ ಲಾ ಪಲೋಮಾ ಕೇರಿಯ ಗಲ್ಲಿಗಳಲ್ಲಿ ಪ್ರವಾಸಿಗರನ್ನು ನಡೆಸಿ, ಗೋಡೆಚಿತ್ರಗಳ ಕಥೆ ಹೇಳುವ ಕೆಲಸ.

"ಬೆಳಿಗ್ಗೆ ಹಾರಾಟ, ಮಧ್ಯಾಹ್ನ ನಡಿಗೆ, ಎರಡೂ ಸೇರಿ ಒಂದೇ ಟೂರು! ನೀನು ಅವರನ್ನ ಹಾರಿಸು, ನಾನು ವಾಕಿಟಾಕಿಯಲ್ಲಿ ಎಡಕ್ಕೆ ನೋಡಿ, ಬಲಕ್ಕೆ ನೋಡಿ ಅಂತ ವಿವರಿಸ್ತೀನಿ. ಹೇಗಿದೆ?"

"ಭರ್ಜರಿಯಾಗಿದೆ ಭಾವ," ಎಂದ ಅರ್ಲೇ. "ಯಾವಾಗ ಹಾರ್ತೀರಿ?"

"ನಾನ್ಯಾಕೋ ಹಾರಬೇಕು? ನಾನು ಕೆಳಗೆ ನಿಂತು..."

"ಕೆಳಗೆ ನಿಂತು ಮೇಲಿಂದ ಕಾಣೋದನ್ನ ಹೇಳ್ತೀರಾ? ಭಾವ, ನೀವೂ ಮೇಲೆ ಬರಬೇಕು!"

ಎವೆಲಿಯೊನ ಗಂಟಲಲ್ಲಿ ಕೋಳಿಮಾಂಸ ಅಲ್ಲೇ ನಿಂತುಬಿಟ್ಟಿತು. ರೊಸಾಲ್ಬಾ ನೀರಿನ ಲೋಟ ಮುಂದೆ ಸರಿಸಿ ಬಹಳ ಮೆತ್ತಗೆ ಹೇಳಿದಳು:

"ಪ್ರತಿ ಮಳೆಗಾಲ ಛಾವಣಿ ಹತ್ತಿ ರಿಪೇರಿ ಮಾಡೋರು ಇವರು. ಇವರಿಗೆ ಆಕಾಶ ಯಾವ ಲೆಕ್ಕ ಕಣೋ?"

ಇಲ್ಲೇ ಇದ್ದದ್ದು ತೊಡಕು. ಎವೆಲಿಯೊಗೆ ಎತ್ತರ ಎಂದರೆ ಪ್ರಾಣಭಯ! ಕುರ್ಚಿಯ ಮೇಲೆ ನಿಂತು ಬಲ್ಬು ಹಾಕುವಾಗಲೂ ಅವನು ಗೋಡೆಯನ್ನು ಅವುಚಿ ಹಿಡಿಯುತ್ತಿದ್ದ. ಆದರೆ ಇದು ಹೆಂಡತಿಗೆ ಗೊತ್ತಾಗಬಾರದು. ಮದುವೆಗೆ ಮುಂಚೆ, ಅವಳು ಯಾವುದೋ ನೃತ್ಯದ ಸಂಜೆ ಮರುಳಾಗಿ ನೋಡುತ್ತಿದ್ದಾಗ, ತಾನು ಹುಡುಗನಾಗಿದ್ದಾಗ ಚರ್ಚಿನ ಗಂಟೆಗೋಪುರ ಹತ್ತಿ ಪಾರಿವಾಳ ಹಿಡಿಯುತ್ತಿದ್ದೆ ಎಂದು ಬಡಾಯಿ ಬಿಟ್ಟಿದ್ದ. ಒಮ್ಮೆ ಬಿಟ್ಟ ಬಡಾಯಿಯನ್ನು ಸಾಕಬೇಕಲ್ಲ!

ಮನೆಯ ಛಾವಣಿ ಸೋರುತ್ತಿತ್ತು, ಅದೂ ಮಂಚದ ಮೇಲೆ, ರೊಸಾಲ್ಬಾ ಮಲಗುವ ಕಡೆಗೇ. ಪ್ರತಿ ಮಳೆಗಾಲಕ್ಕೆ ಎವೆಲಿಯೊ ವೀರಯೋಧನಂತೆ ಬಕೆಟ್ಟು, ಕರಣೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ಕಬ್ಬಿಣದ ಏಣಿಯ ಬುಡದಲ್ಲಿ ಕೂತು, ಕರಣೆಯಿಂದ ಬಕೆಟ್ಟನ್ನು ಟಣಟಣ ಬಡಿದು, ಕೆನ್ನೆಗೆ ಇಷ್ಟು ಸಿಮೆಂಟು ಮೆತ್ತಿಕೊಂಡು, ಏದುಸಿರು ಬಿಡುತ್ತಾ ಒಳಗೆ ಬರುತ್ತಿದ್ದ. ಮುಂದಿನ ಮಳೆಗೆ ಮತ್ತೆ ಸೋರಿದರೆ ಉತ್ತರ ಸಿದ್ಧವಾಗಿತ್ತು: "ಇದು ಹೊಸ ಬಿರುಕು ಕಣೇ! ಹಳೇದನ್ನ ಮುಚ್ಚಿದೀನಲ್ಲ!"

ದಿನಾ ಸಂಜೆ ಒಗೆದ ಬಟ್ಟೆ ತೆಗೆಯಲು ಛಾವಣಿಗೆ ಹೋದ ರೊಸಾಲ್ಬಾ ಅಲ್ಲಿಂದಲೇ ಕೂಗುತ್ತಿದ್ದಳು. "ರೀ, ಮೇಲೆ ಬನ್ರೀ, ಕಣಿವೆಯಲ್ಲೆಲ್ಲ ದೀಪ ಹತ್ತೋ ಹೊತ್ತು. ಎಷ್ಟು ಚೆಂದ ಇದೆ!"

"ಇವತ್ತು ಮಂಡಿ ನೋವು ಕಣೇ. ನಾಳೆ ಬರ್ತೀನಿ."

ಆ ನಾಳೆ ಯಾವತ್ತೂ ಬರಲಿಲ್ಲ. ಇತ್ತೀಚೆಗೆ ಅವಳು ಕರೆಯುವುದನ್ನೂ ಬಿಟ್ಟಿದ್ದಳು.

ಕೇರಿಯಲ್ಲಿ ಮಾತ್ರ ಎವೆಲಿಯೊನ ಗತ್ತೇ ಗತ್ತು. ಕಲಾವಿದರು ಚಿತ್ರ ಬರೆದು ಉಳಿದ ಬಣ್ಣದ ಡಬ್ಬಿಗಳನ್ನು ಅವನ ಮನೆಯಲ್ಲೇ ಇಟ್ಟು ಹೋಗುತ್ತಿದ್ದರು. ಅವು ಯಾಕೋ ಬೇಗ ಬೇಗ ಖಾಲಿಯಾಗುತ್ತಿದ್ದವು. ಕೇಳಿದರೆ ರೊಸಾಲ್ಬಾ "ಒಣಗಿಹೋಯ್ತು" ಎನ್ನುತ್ತಿದ್ದಳು. ಮೇಲಿನ ಗಲ್ಲಿಗೆ ಪ್ರವಾಸಿಗರನ್ನು ಕರೆದೊಯ್ದಾಗ ಅವನು ಕಣಿವೆಗೆ ಬೆನ್ನು ಹಾಕಿ, ಗೋಡೆಗೆ ಮೂಗು ತಾಗಿಸಿ ನಿಂತು ಮಾತಾಡುತ್ತಿದ್ದ. "ಗೈಡ್ ಆದವನು ಗೋಡೆ ನೋಡಬೇಕು, ಪ್ರಪಾತ ಅಲ್ಲ" ಎಂಬುದು ಅವನ ಸಿದ್ಧಾಂತ. ಅಲ್ಲಿ ಅವನು ಹೇಳುವ ಒಂದು ಹಳಸಲು ಜೋಕಿಗೆ ಪ್ರವಾಸಿಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಗಲ್ಲಿಯ ಎಡಿಲ್ಮಾ ಅಜ್ಜಿಯಂತೂ ಬೆಳಿಗ್ಗೆ ಸಿಕ್ಕರೂ, ಮಟಮಟ ಮಧ್ಯಾಹ್ನ ಸಿಕ್ಕರೂ ಒಂದೇ ಮಾತು: "ಏನಪ್ಪಾ ಎವೆಲಿಯೊ, ನಿದ್ದೆ ಚೆನ್ನಾಗಿ ಬಂತಾ?" ಎಂಥ ಅಂತಃಕರಣದ ಮುದುಕಿ ಎಂದುಕೊಂಡಿದ್ದ ಪುಣ್ಯಾತ್ಮ!

ಹಾರುವ ದಿನ ಬಂದೇ ಬಂತು. ಮೊದಲ ಗಿರಾಕಿಗಳು ಬ್ಯೂನಸ್ ಐರಿಸ್‌ನ ಅಕ್ಕ ತಂಗಿಯರು, ಇಬ್ಬರೂ ಅರ್ಲೇಯ ಗೆಳೆಯರ ಗ್ಲೈಡರುಗಳಲ್ಲಿ. ಎವೆಲಿಯೊ ಅರ್ಲೇಯ ಗ್ಲೈಡರಿನಲ್ಲಿ. ರೊಸಾಲ್ಬಾ ಊಟದ ಬುಟ್ಟಿ ಹಿಡಿದು ಕೆಳಗಿನ ಇಳಿಯುವ ಮೈದಾನದಲ್ಲಿ. ಎಲ್ಲರಿಗೂ ಒಂದೊಂದು ವಾಕಿಟಾಕಿ. ಬೆಳಿಗ್ಗೆ ಮನೆಯಲ್ಲೇ ಅರ್ಲೇ ಪಾಠ ಹೇಳಿದ್ದ:

"ಭಾವ, ಗುಂಡಿ ಒತ್ತಿದ್ರೆ ನಿಮ್ಮ ಮಾತು ಎಲ್ಲರಿಗೂ ಕೇಳುತ್ತೆ. ಬಿಟ್ಟರೆ ಅವರ ಮಾತು ನಿಮಗೆ ಕೇಳುತ್ತೆ. ಎರಡೂ ಒಟ್ಟಿಗೆ ಆಗಲ್ಲ."

"ಬಿಡೋದು ಇವರಿಗೆ ಕಷ್ಟ ಕಣೋ," ಎಂದಿದ್ದಳು ರೊಸಾಲ್ಬಾ.

ಗುಡ್ಡದ ನೆತ್ತಿಯಲ್ಲಿ ಹುಲ್ಲು ತಣ್ಣಗಿತ್ತು, ಮೋಡ ಮೊಣಕಾಲಿನ ಮಟ್ಟಕ್ಕೆ ತೇಲುತ್ತಿತ್ತು. ಬೆನ್ನ ಹಿಂದೆ ಅರ್ಲೇ, ಅವನ ಹಿಂದೆ ಹಾಸಿದ ದೊಡ್ಡ ಹಳದಿ ಬಟ್ಟೆ. "ಓಡಿ ಭಾವ! ನಿಲ್ಲಬೇಡಿ! ಓಡಿ!" ಎವೆಲಿಯೊ ಕಣ್ಣು ಮುಚ್ಚಿ ಓಡಿದ. ನೆಲ ಮುಗಿದರೂ ಓಡಿದ. ಗಾಳಿಯಲ್ಲೂ ಕಾಲು ಸೈಕಲ್ ತುಳಿಯುತ್ತಲೇ ಇತ್ತು.

"ಸಾಕು ಭಾವ, ಹಾರಿದ್ದಾಯ್ತು! ಇನ್ನು ಕೂತ್ಕೊಳಿ!"

ಕೂತ. ಕಣ್ಣು ಮಾತ್ರ ತೆರೆಯಲಿಲ್ಲ. ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಅವುಚಿ ಹಿಡಿದ. ಕೈಗೆ ಸಿಕ್ಕಿದ್ದು ವಾಕಿಟಾಕಿ. ಹೆಬ್ಬೆರಳ ಕೆಳಗಿದ್ದದ್ದು ಗುಂಡಿ!

"ತಾಯಿ ಕಾರ್ಮೆನ್ ಮಾತೆ! ನೀನು ಬಸ್ಸು ಲಾರಿಯವರನ್ನ ಕಾಯೋಳು, ಗಾಳಿಯಲ್ಲಿ ಹೋಗೋರು ನಿನ್ನ ಲೆಕ್ಕಕ್ಕೆ ಬರ್ತಾರೋ ಇಲ್ಲವೋ, ಇದೊಂದು ಸಲ ಸೇರಿಸ್ಕೋ ತಾಯಿ! ಎಲ್ಲ ಒಪ್ಕೋತೀನಿ! ಗಂಟೆಗೋಪುರ ಹತ್ತಿದ್ದು ಸುಳ್ಳು! ಪಾರಿವಾಳ ಸುಳ್ಳು! ಛಾವಣಿ ಒಂದು ದಿನಾನೂ ಹತ್ತಿಲ್ಲ, ಬಕೆಟ್ಟು ಬಡಿದು ಬಂದಿದೀನಿ! ರೊಸಾ ಮಲಗೋ ಜಾಗದಲ್ಲಿ ಸೋರುತ್ತೆ ಅಂತ ಗೊತ್ತಿದ್ದೂ ಹತ್ತಿಲ್ಲ ತಾಯಿ! ನನ್ನ ಮಂಡಿಗೆ ಏನೂ ಆಗಿಲ್ಲ! ನಂಗೆ ಹೆದರಿಕೆ ಅಷ್ಟೇ! ಇಳಿಸಿಬಿಡು, ಇವತ್ತೇ ಹತ್ತಿ ಮುಚ್ತೀನಿ!"

"ಭಾವ, ಕೈ..." ಎಂದು ಹಿಂದಿನಿಂದ ಅರ್ಲೇ ಏನೋ ಹೇಳಲು ಹೋದ.

"ಸುಮ್ನಿರೋ, ಪ್ರಾರ್ಥನೆಯಲ್ಲಿದೀನಿ!"

ಪ್ರಾರ್ಥನೆಗೆ ಫಲ ಸಿಕ್ಕಿತೋ ಏನೋ, ಗ್ಲೈಡರು ತೊಟ್ಟಿಲಿನಂತೆ ಮೆತ್ತಗಾಯಿತು. ಗಾಳಿಯ ಸದ್ದು ಕೂಡ ನಿಂತಂತಾಯಿತು. ಎವೆಲಿಯೊ ಒಂದು ಕಣ್ಣನ್ನು ಅರ್ಧ ತೆರೆದ. ಪಕ್ಕದಲ್ಲೇ ಒಂದು ಕಪ್ಪು ರಣಹದ್ದು ರೆಕ್ಕೆ ಚಾಚಿ ಜೊತೆಜೊತೆಗೆ ಬರುತ್ತಿತ್ತು.

"ಇದ್ಯಾಕೋ ನಮ್ಮ ಹಿಂದೆ ಬಿದ್ದಿದೆ?"

"ಬಿಸಿಗಾಳಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತೆ ಭಾವ."

"ಹೆಣ ಎಲ್ಲಿದೆ ಅಂತಾನೂ ಗೊತ್ತಾಗುತ್ತೆ!"

ಆದರೂ ಇನ್ನೊಂದು ಕಣ್ಣೂ ತಾನಾಗಿ ತೆರೆದುಕೊಂಡಿತು. ಕೆಳಗೆ ಇಡೀ ಕಣಿವೆ ಬೆಳಗಿನ ಮಂಜಿನಲ್ಲಿ ಇನ್ನೂ ಅರೆನಿದ್ದೆಯಲ್ಲಿತ್ತು. ಇಟ್ಟಿಗೆಯ ಕೆಂಪು ಮನೆಗಳು ಒಂದರ ಭುಜದ ಮೇಲೊಂದು ತಲೆಯಿಟ್ಟು ಮಲಗಿದ್ದವು. ತಂತಿಯ ಮೇಲೆ ಕೇಬಲ್ ಕಾರಿನ ಡಬ್ಬಿಗಳು ಸದ್ದಿಲ್ಲದೆ ಹತ್ತಿ ಇಳಿಯುತ್ತಿದ್ದವು. ಎಲ್ಲೋ ಒಂದು ಅಡುಗೆಮನೆಯ ಹೊಗೆ ನೆಟ್ಟಗೆ ಮೇಲೆದ್ದು ಅವನ ಚಪ್ಪಲಿಯವರೆಗೂ ಬಂದು ಕರಗಿತು. ತಾನು ಹುಟ್ಟಿದ ಊರು ಇಷ್ಟು ಚೆಂದ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಲ್ಲ, ಒಬ್ಬಳು ಹೇಳಿದ್ದಳು, ದಿನಾ ಸಂಜೆ.

ಅಷ್ಟರಲ್ಲಿ ಲಾ ಪಲೋಮಾ ಬಂತು. ಎವೆಲಿಯೊನೊಳಗಿನ ಗೈಡು ಎಚ್ಚೆತ್ತ.

"ಮಹನೀಯರೇ, ನಿಮ್ಮ ಎಡಕ್ಕೆ ನೋಡಿ! ಪ್ರಸಿದ್ಧವಾದ... ಪ್ರಸಿದ್ಧವಾದ..."

ಏನೂ ಇರಲಿಲ್ಲ! ಅಯ್ಯೋ ವಿಧಿಯೇ! ಮೇಲಿಂದ ಗೋಡೆ ಕಾಣುವುದಿಲ್ಲ! ಇಷ್ಟು ಯೋಜನೆ ಹಾಕಿದ ಮಹಾಬುದ್ಧಿವಂತನಿಗೆ ಇದೊಂದು ಹೊಳೆದೇ ಇರಲಿಲ್ಲ. ಅವನ ಹಾಡುವ ಅಜ್ಜಿ, ನೀಲಿ ಆನೆ, ಜಗಳವಾಡುವ ಗಿಳಿಗಳು, ಎಲ್ಲವೂ ಗೋಡೆಯ ಮೇಲೆ. ಮೇಲಿಂದ ಕಂಡದ್ದು ನೀರಿನ ಟ್ಯಾಂಕು, ಮುಂದೊಂದು ದಿನ ಮೇಲಂತಸ್ತು ಕಟ್ಟುವ ಆಸೆಗೆ ಬಿಟ್ಟ ಕಂಬಿಗಳು, ಒಣಹಾಕಿದ ಚಡ್ಡಿ ಬನಿಯನ್ನುಗಳು. "ಆ ಚಡ್ಡಿಯ ಕೆಳಗಿನ ಮನೆಯ ಗೋಡೆಯಲ್ಲಿ..." ಎಂದು ಶುರುಮಾಡಿ ಅವನೇ ನಾಚಿ ನಿಲ್ಲಿಸಿದ. ಟೂರು ಹುಟ್ಟುವ ಮೊದಲೇ ಸತ್ತಿತ್ತು.

ಆಗ ಅದು ಕಂಡಿತು.

ಎಲ್ಲ ಬೂದುಬಣ್ಣದ ಛಾವಣಿಗಳ ನಡುವೆ ಒಂದೇ ಒಂದು ಛಾವಣಿ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಅದರ ಉದ್ದಗಲಕ್ಕೂ ಒಬ್ಬ ಗಂಡಸು ಹೂವಿನ ಹಗ್ಗದ ಜೋಲಿಯಲ್ಲಿ ಮಲಗಿ ನಿದ್ದೆ ಹೊಡೆಯುತ್ತಿದ್ದ. ಜೋಲಿಯ ಎರಡು ತುದಿಗಳನ್ನು ಎರಡು ಮೋಡಗಳಿಗೆ ಕಟ್ಟಿತ್ತು. ಅವನ ಕೆಳಗೆ ಇಡೀ ಕಣಿವೆ, ದೀಪಗಳ ಸಮೇತ. ಹಳದಿ ಅಂಗಿ, ದಪ್ಪ ಮೀಸೆ, ಎಡಗಾಲಿನ ತೂತು ಸಾಕ್ಸು, ಎಲ್ಲ ಗುರುತಿನವೇ. ಬಾಯಿ ದೊಡ್ಡದಾಗಿ ತೆರೆದಿತ್ತು. ಆ ಬಾಯಿ ಮಾತ್ರ ಬಣ್ಣದ್ದಲ್ಲ, ನಿಜವಾದ ಬಿರುಕು!

"ಅರ್ಲೇ... ಆ ಮನುಷ್ಯ..."

"ನೀವೇ ಭಾವ."

"ಆ ಮನೆ..."

"ನಿಮ್ಮದೇ ಭಾವ. ಇಡೀ ಗುಡ್ಡಕ್ಕೆ ಗೊತ್ತು. ಮೇಲಿನ ಗಲ್ಲಿಯಿಂದ ಚೆನ್ನಾಗಿ ಕಾಣುತ್ತೆ."

ಎಡಿಲ್ಮಾ ಅಜ್ಜಿಯ ಕುಶಲಪ್ರಶ್ನೆ, ಪ್ರವಾಸಿಗರ ಹೊಟ್ಟೆಹುಣ್ಣಾಗುವ ನಗು, ಒಣಗಿಹೋದ ಬಣ್ಣದ ಡಬ್ಬಿ, ಎಲ್ಲವೂ ಒಂದರ ಹಿಂದೊಂದು ಬಂದು ಅವನ ತಲೆಯ ಮೇಲೆ ಮೊಟಕಿದವು. ಗ್ಲೈಡರು ಇನ್ನೊಂದು ಸುತ್ತು ಹಾಕಿತು. ಆಗ ಚಿತ್ರದ ಮೂಲೆಯಲ್ಲಿ ಇನ್ನೊಂದು ಕಂಡಿತು. ಛಾವಣಿಯ ಅಂಚಿನಲ್ಲಿ, ಬೆನ್ನು ಮಾಡಿ, ಕಾಲು ಇಳಿಬಿಟ್ಟು ಕೂತ ಒಬ್ಬ ಪುಟ್ಟ ಹೆಂಗಸು. ಕಣಿವೆಯನ್ನು ನೋಡುತ್ತಾ, ಒಬ್ಬಳೇ.

ಎವೆಲಿಯೊಗೆ ನಗು ಬರಲಿಲ್ಲ. ಅವನಿಗೇ ತಿಳಿಯದಂತೆ ಮುಷ್ಟಿ ಸಡಿಲವಾಯಿತು, ಹೆಬ್ಬೆರಳು ಗುಂಡಿಯಿಂದ ಜಾರಿತು. ತಕ್ಷಣ ವಾಕಿಟಾಕಿಗೆ ಜೀವ ಬಂತು. ಅಕ್ಕ ತಂಗಿಯರ ಕಿಲಕಿಲ ನಗು, "ಎಂಥ ಚಿತ್ರ! ಎಂಥ ಚಿತ್ರ!" ಎಂಬ ಕೂಗು, ಅದರ ನಡುವೆ ಬಹಳ ಶಾಂತವಾದ ಒಂದು ದನಿ:

"ಬಿಟ್ರಾ ಗುಂಡಿನ? ಒಳ್ಳೇದಾಯ್ತು. ಪ್ರಾರ್ಥನೆ ಮಾತೆಗೆ ಮುಟ್ಟಿತೋ ಇಲ್ಲವೋ, ನನಗಂತೂ ಮುಟ್ಟಿತು."

"ರೊಸಾ! ನೀನು... ಎಲ್ಲಾ..."

"ಮೊದಲನೇ ಮಳೆಗಾಲದಿಂದಾನೇ ಗೊತ್ತಿತ್ತು ರೀ. ಮೇಲೆ ಹತ್ತಿದ ಮನುಷ್ಯನ ಸದ್ದು ಮೇಲಿಂದ ಬರಬೇಕಲ್ವಾ? ನಿಮ್ಮ ಟಣಟಣ ಹಿತ್ತಲಿಂದ ಬರ್ತಿತ್ತು. ಬಿರುಕು ಎಲ್ಲಿದೆ ಅಂತ ಈಗಲಾದ್ರೂ ಕಾಣ್ತಾ?"

ಅರ್ಲೇ ನಗು ತಡೆಯಲಾಗದೆ ನಡುಗಿದ್ದಕ್ಕೆ ಗ್ಲೈಡರೂ ನಡುಗಿತು.

ಮೈದಾನದಲ್ಲಿ ಎವೆಲಿಯೊ ಇಳಿದದ್ದು ಕಾಲ ಮೇಲಲ್ಲ, ಕೂತ ಭಂಗಿಯಲ್ಲಿ. ಅಕ್ಕ ತಂಗಿಯರು ಅವನನ್ನು ದಾಟಿಕೊಂಡು ಓಡಿಹೋಗಿ ರೊಸಾಲ್ಬಾಳನ್ನು ತಬ್ಬಿಕೊಂಡರು. ಮಧ್ಯಾಹ್ನದ ನಡಿಗೆಯಲ್ಲಿ ಅವರು ಕೇಳಿದ್ದೆಲ್ಲ ಒಂದೇ, ಆ ಮಲಗಿದವನ ಮನೆಗೆ ಯಾವಾಗ ಹೋಗುತ್ತೇವೆ ಎಂದು. ನೀಲಿ ಆನೆಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ.

"ಟೂರು ಗೆದ್ದಿತು ಭಾವ," ಎಂದ ಅರ್ಲೇ. "ಆದ್ರೆ ನಾಳೆಯಿಂದ ಆಕಾಶದ ಗೈಡು ಅಕ್ಕ. ಛಾವಣಿ ಮೇಲಿಂದಾನೇ ವಾಕಿಟಾಕಿಯಲ್ಲಿ ಮಾತಾಡ್ಲಿ. ಅವಳ ಚಿತ್ರ, ಅವಳ ಮಾತು."

ಎವೆಲಿಯೊ ತಲೆಯಾಡಿಸಿದ. ವಾದ ಮಾಡಲು ಬಾಯಿ ಎಲ್ಲಿತ್ತು? ಅದು ಛಾವಣಿಯ ಮೇಲಿತ್ತು!

ಸಂಜೆ ರೊಸಾಲ್ಬಾ ಅಡುಗೆಮನೆಯಲ್ಲಿ ಬೆಲ್ಲದ ನೀರು ಕಾಯಿಸುತ್ತಿದ್ದಳು. ಕರಣೆಯ ಸದ್ದು ಕೇಳಿಸಿತು. ಮತ್ತೆ ಶುರುವಾಯಿತಲ್ಲ ನಾಟಕ ಎಂದುಕೊಂಡವಳು ಸೌಟು ಹಿಡಿದೇ ನಿಂತಳು. ಈ ಸಲ ಸದ್ದು ಮೇಲಿಂದ ಬರುತ್ತಿತ್ತು.

ಓಡಿಹೋಗಿ ಏಣಿ ಹತ್ತಿ ನೋಡಿದರೆ, ಎವೆಲಿಯೊ ಹೊಟ್ಟೆಯ ಮೇಲೆ ಮಲಗಿ, ಹಲ್ಲಿಯಂತೆ ಛಾವಣಿಗೆ ಅಂಟಿಕೊಂಡು, ತನ್ನದೇ ಬಾಯಿಗೆ ಸಿಮೆಂಟು ತುಂಬುತ್ತಿದ್ದ. ಮೈಯೆಲ್ಲ ಬೆವರು. ಸಿಮೆಂಟು ಮೀಸೆಗೂ ಹತ್ತಿತ್ತು, ಚಿತ್ರದ್ದಕ್ಕೂ, ಅವನದಕ್ಕೂ.

"ಹೆದರಿಕೆ ಅಂತ ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ಗೋಪುರದ ಕಥೆಗೇ ನೀನು ನನ್ನ ಒಪ್ಪಿದ್ದು ಅಂದ್ಕೊಂಡಿದ್ದೆ ಕಣೇ."

"ಆ ಸುಳ್ಳನ್ನ ಅವತ್ತೇ ನಂಬಿರ್ಲಿಲ್ಲ. ಆ ಚರ್ಚಿಗೆ ಗೋಪುರವೇ ಇರ್ಲಿಲ್ಲ, ಹತ್ತೋದು ಎಲ್ಲಿಂದ ಬಂತು? ನೀವು ಹೆದರೋದಕ್ಕೆ ನಂಗೆ ಬೇಜಾರಿಲ್ಲ ರೀ. ಇಲ್ಲಿ ಒಬ್ಬಳೇ ಕೂರೋದಕ್ಕೆ ಬೇಜಾರಾಗ್ತಿತ್ತು."

ಎವೆಲಿಯೊ ಕರಣೆ ಕೆಳಗಿಟ್ಟ. ತೆವಳಿಕೊಂಡೇ ಅಂಚಿನ ಹತ್ತಿರ ಬಂದ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹೆಂಡತಿಯ ಕೈ ಹಿಡಿದು ಕೂತ. ಕಣಿವೆಯಲ್ಲಿ ಒಂದು ದೀಪ ಹತ್ತಿತು, ಆಮೇಲೆ ಒಂದು ಹಿಡಿ, ಆಮೇಲೆ ಎಣಿಸಲಾಗದಷ್ಟು. ಯಾರದೋ ಮನೆಯ ರೇಡಿಯೋದ ಹಾಡು ಗಾಳಿಯಲ್ಲಿ ಏರಿಳಿಯುತ್ತಾ ಬಂತು. ಮುಗಿಯುವುದೇ ಬೇಡ ಅನ್ನಿಸುವಂಥ ಸಂಜೆ.

"ಇಳಿಯೋಣ್ವಾ? ಊಟದ ಹೊತ್ತಾಯ್ತು."

ಎವೆಲಿಯೊ ಏಣಿಯತ್ತ ನೋಡಿದ. ಹತ್ತುವಾಗ ಏಣಿ ಎದುರಿಗಿತ್ತು. ಈಗ ಅದು ಪಾತಾಳದಲ್ಲಿತ್ತು!

"ಇನ್ನೂ ಸ್ವಲ್ಪ ಹೊತ್ತು ಕೂರೋಣ ಕಣೇ. ಎಷ್ಟು ಚೆಂದ ಇದೆ!"

ರೊಸಾಲ್ಬಾಗೆ ಅರ್ಥವಾಯಿತು. ಕೆಳಗೆ ಹೋಗಿ ಊಟ ತಂದಳು, ಆಮೇಲೆ ಹೊದಿಕೆ, ಆಮೇಲೆ ದಿಂಬು.

ಬೆಳಿಗ್ಗೆ ಮಂಜು ಸರಿಯುತ್ತಲೇ ಅರ್ಲೇಯ ಹಳದಿ ಗ್ಲೈಡರು ಹೊಸ ಗಿರಾಕಿಯೊಂದಿಗೆ ಲಾ ಪಲೋಮಾದ ಮೇಲೆ ತೇಲಿ ಬಂತು. ಹೊಸ ಗೈಡು ರೊಸಾಲ್ಬಾ ಕಾಫಿ ಲೋಟ, ವಾಕಿಟಾಕಿ ಹಿಡಿದು ಛಾವಣಿಯ ಮೇಲೆ ಸಿದ್ಧಳಾಗಿ ನಿಂತಿದ್ದಳು. ಮೇಲಿಂದ ಅರ್ಲೇಯ ಗಾಬರಿಯ ದನಿ ಕೇಳಿಸಿತು:

"ಅಕ್ಕಾ! ಇದೇನು, ಇಬ್ಬರು ಮಲಗಿದಾರೆ! ಬಾಯಿ ತೆರೆದು ಮಲಗಿರೋ ಚಿತ್ರ ಒಂದೇ ಅಂತ ಗಿರಾಕಿಗೆ ಹೇಳಿಬಿಟ್ಟಿದೀನಿ! ಇದರಲ್ಲಿ ಚಿತ್ರ ಯಾವುದು?"

ರೊಸಾಲ್ಬಾ ಒಮ್ಮೆ ಗಂಡನನ್ನೂ ಒಮ್ಮೆ ಚಿತ್ರವನ್ನೂ ನೋಡಿ, ಗುಂಡಿ ಒತ್ತಿದಳು.

"ಬಾಯಿ ಮುಚ್ಚಿಕೊಂಡಿರೋದು ಚಿತ್ರ ಕಣೋ. ತೆರೆದುಕೊಂಡಿರೋದು ನಿನ್ನ ಭಾವ!"