ಬೋರ್ಡಿಲ್ಲದ ಕಡುಬಿನ ಹೋಟ್ಲು

ಅಂಗಡಿ ಬೀದೀಲಿ ಕೂತವರು ನಗು ಬರೋ ಸಂಗತಿ ಹುಡುಕ್ಕೊಂಡು ಹೋಗ್ಬೇಕಾಗಿಲ್ಲ. ಅದೇ ಬಂದು ಬೆಂಚಿನ ಮೇಲೆ ಕೂತು ಟೀ ಕೇಳ್ತದೆ. ಬಾಳ್ಳುಪೇಟೆ ದಾಟಿ ಸಕಲೇಶಪುರದ ಕಡೆ ಹೋಗೋವಾಗ ಹೈವೇ ಪಕ್ಕ ನಮ್ಮ ಸಣ್ಣ ಪೇಟೆ ಸಿಗ್ತದೆ. ಇರೋದು ಒಂದೇ ಬೀದಿ, ಅದರಾಗೆ ನಂದೊಂದು ಕಡುಬಿನ ಹೋಟ್ಲು. ನಾನು ಇಸ್ಕೂಲಿನ ಮೆಟ್ಲು ಹತ್ತಿದವಳಲ್ಲ. ನಾನು ಹೇಳ್ತಾ ಹೋಗ್ತೀನಿ, ಸೊಸೆ ಬರೀತಾ ಹೋಗ್ತಾಳೆ. ನಡುವೆ ಅವಳು, "ಅತ್ತೆ, ಇದೊಂದು ಬ್ಯಾಡ," ಅಂತಾಳೆ. ಅದನ್ನೇ ಮೊದಲು ಬರಿ ಅಂತೀನಿ.

ಈಗ ಹೇಳೋದೆಲ್ಲ ಬೋರ್ಡಿನ ಸಂಗತಿ. ಅಂಗಡಿ ಬೋರ್ಡಲ್ಲಿ ಕನ್ನಡ ಮೇಲಿರಬೇಕು, ದೊಡ್ಡದಾಗಿರಬೇಕು, ಬೇರೆ ಭಾಷೆ ಅದರ ಕೆಳಗೆ ಸಣ್ಣಕೆ. ಬೋರ್ಡು ಚರಂಡಿ ದಾಟಿ ರಸ್ತೆ ಕಡೆ ಚಾಚಬಾರದು. ಬೋರ್ಡೇ ಇಲ್ಲದ ಅಂಗಡಿಗೆ ಬೀಗ. ಹಿಂಗಂತ ಆಫೀಸಿಂದ ರೂಲ್ಸು ಬಂತು. ಕೊನೇದು ಕೇಳಿ ಬೀದಿಯೋರೆಲ್ಲ ನನ್ನ ಕಡೆ ತಿರುಗಿದ್ರು. ನಾನು ಮದುವೆಯಾಗಿ ಬಂದಾಗಿಂದ ನಮ್ಮ ಹೋಟ್ಲಿಗೆ ಬೋರ್ಡಿಲ್ಲ. ಕಡುಬಿನ ಹಬೆ ಹೊರಕ್ಕೆ ಹೋಗ್ತದೆ, ಜನ ಒಳಕ್ಕೆ ಬರ್ತಾರೆ, ಇಷ್ಟೇ ಏರ್ಪಾಡು. ಮನೇಗೂ ಹೋಟ್ಲಿಗೂ ಇರೋದು ಒಂದೇ ಒಲೆ. ಅದಕ್ಕೆ ಬೀಗ ಬಿದ್ರೆ ನಾವೂ ಉಪವಾಸ.

ನೋಟೀಸು

ಆ ರೂಲ್ಸು ಮೊದಲು ಬಂದಿದ್ದು ಜೀಪಿನಾಗೆ. ಒಬ್ಬ ಆಫೀಸರು, ಒಬ್ಬ ಜವಾನ, ಒಂದು ಕಟ್ಟು ನೋಟೀಸು. ಅಂಗಡಿ ಗೋಡೆಗೆಲ್ಲ ಅಂಟಿಸಬೇಕು, ಆದ್ರೆ ಜವಾನ ಅಂಟಿನ ಡಬ್ಬ ಮರೆತು ಬಂದಿದ್ದ. ನನ್ನ ಹತ್ರ ಬಂದು ಒಂಚೂರು ಹಿಟ್ಟು ಇದ್ರೆ ಕೊಡಿ ಅಜ್ಜಿ ಅಂದ. ಒಲೆ ಮೇಲೆ ಕಡುಬಿನ ಹಿಟ್ಟು ಬೆಂದಿತ್ತು, ಉಪ್ಪೂ ತುಪ್ಪಾನೂ ಹಾಕಿದ್ದೆ. ಅದನ್ನೇ ಒಂದು ಬಟ್ಟಲು ತೆಗೆದು, ನೀರು ಬಿಟ್ಟು ಕಲಸಿ ಕೊಟ್ಟೆ. ಚೆನ್ನಾಗಿ ಹಿಡೀತು ಅಂತ ಆಫೀಸರೂ ಮೆಚ್ಕೊಂಡ್ರು.

ಬೆಳಿಗ್ಗೆ ಎದ್ದು ನೋಡಿದ್ರೆ ಬೀದಿ ದನ ಎಲ್ಲಾ ಅಂಗಡಿ ಅಂಗಡಿ ಮುಂದೆ ನಿಂತು ಗೋಡೆ ನೆಕ್ತಾ ಅವೆ. ಬಾಗಿಲು ತೆಗೆಯೋಕೆ ಬಂದವರಿಗೆ ಗೋಡೆ ಶುಭ್ರವಾಗಿ ಸಿಕ್ತು, ನೋಟೀಸು ಸಿಗಲಿಲ್ಲ. ಸುಮಾರು ದಿನ ಕಳೆದು ಆಫೀಸರು ಬಂದು, ಯಾಕೆ ಒಬ್ಬರೂ ಬೋರ್ಡು ಬದಲಾಯಿಸಿಲ್ಲ ಅಂತ ಕೇಳಿದ್ರು. ದಿನಸಿ ಅಂಗಡಿಯವರು ಹಸು ಕಡೆ ಕೈ ತೋರಿಸಿದ್ರು. ಆಫೀಸರು ಹಸುನ ನೋಡಿದ್ರು, ಹಸು ಆಫೀಸರನ್ನ ನೋಡ್ತು. ಆಮೇಲೆ ಅವರು ಎಲ್ಲಾರಿಗೂ ಬಾಯಲ್ಲೇ ಹೇಳ್ಕೊಂಡು ಹೋದ್ರು. ನನ್ನ ಹತ್ರ ಮಾತ್ರ ನಿಂತ್ಕೊಂಡು, "ಅಜ್ಜಿ, ಮಳೆಗಾಲ ಮುಗಿದ ಮೇಲೆ ಬರ್ತೀನಿ. ಬೋರ್ಡು ಇರ್ಲಿಲ್ಲ ಅಂದ್ರೆ ಬೀಗ ತರ್ತೀನಿ," ಅಂದ್ರು. ಒಳ್ಳೆ ಮನುಷ್ಯ. ಬೈಯದೇ ಹೇಳಿದ್ರು.

ಇವತ್ತಿಗೂ ಆ ಜೀಪು ಬಂದ್ರೆ ಬೀದಿ ಜನ ಒಳಗೆ ಹೋಗ್ತಾರೆ, ದನ ಹೊರಗೆ ಬರ್ತವೆ.

ಮಳೆ ಕೋಟು

ನಮ್ಮ ಎದುರಿಗೆ ತಾಡಪಾಲು, ಗಮ್ ಬೂಟು, ಮಳೆ ಕೋಟು ಮಾರೋ ಅಂಗಡಿ ಐತೆ. ಅದರ ಸಾವ್ಕಾರ ಯುಗಾದಿಗೆ ತಾನೇ ಹೊಸ ಬೋರ್ಡು ಬರೆಸಿದ್ದ. ಮೇಲೆ ಇಷ್ಟಗಲ ಇಂಗ್ಲೀಷು, ಕೆಳಗೆ ಕಂಡೂ ಕಾಣದಂಗೆ ಕನ್ನಡ. ಆರು ತಿಂಗಳೂ ಆಗದ ಬೋರ್ಡನ್ನ ಕಿತ್ತು ಹಾಕೋಕೆ ಅವನಿಗೆ ಮನಸ್ಸು ಬರಲಿಲ್ಲ. ಹೆಂಗೂ ಮಳೆಗಾಲದಲ್ಲಿ ಕೋಟುಗಳನ್ನ ಅಂಗಡಿ ಮುಂದೇನೇ ನೇತು ಹಾಕೋದು ಅಲ್ವಾ, ಅವನ್ನ ಒಂದು ಮೊಳ ಮೇಲಕ್ಕೆ ಎತ್ತಿ ಸಾಲಾಗಿ ಕಟ್ಟಿದ. ಇಂಗ್ಲೀಷು ಮುಚ್ಕೊಂತು, ಕೆಳಗೆ ಕನ್ನಡ ಒಂದೇ ಉಳೀತು.

ಕಷ್ಟ ಶುರುವಾಗಿದ್ದು ಮಳೆ ಜೋರಾದ ಮೇಲೆ. ಕಾಫಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳು ತೊಪ್ಪೆಯಾಗಿ ಬಂದು ಆ ನೀಲಿ ಕೋಟು ಕೊಡಿ ಅಂದಳು. ಇವನು ಕೊಡಲ್ಲ ಅಂದ. ಹಸಿರು ಕೊಡಿ ಅಂದಳು. ಅದೂ ಆಗಲ್ಲ ಅಂದ. ಒಳಗಿರೋದು ಕೊಡಿ ಅಂದ್ರೆ, ಒಳಗಿಂದೆಲ್ಲ ಖರ್ಚಾಗೋಗಿತ್ತು.

"ಮಾರೋಕಲ್ದೆ ಯಾಕ್ ಕಟ್ಟೀಯಣ್ಣ?"

"ಅದು ಕೋಟಲ್ಲ ಕಣಮ್ಮ, ಅದು ಕಾನೂನು," ಅಂದ.

ಆ ಹೆಂಗಸು ಕಾನೂನನ್ನ ಒಂದ್ಸಲ ಕತ್ತೆತ್ತಿ ನೋಡಿ, ಗೊಬ್ಬರದ ಚೀಲಾನೇ ತಲೆ ಮೇಲೆ ಕೊಪ್ಪೆ ಮಾಡ್ಕೊಂಡು ಹೋದಳು. ಆಮೇಲೆ ಬಂದವರದ್ದೂ ಇದೇ ಕಥೆ. ಆ ವರ್ಷ ನಮ್ಮ ಪೇಟೇಲಿ ಮಳೇಲಿ ನೆನೆಯದೇ ಉಳಿದಿದ್ದು ಅವನ ಇಂಗ್ಲೀಷು ಒಂದೇ.

ಕಟಿಂಗ್ ಶಾಪು

ಇಲ್ಲೇ ಹತ್ರದ ಹೊಸಕೋಟೆಗೆ ಹೋಗೋ ಬಸ್ಸು ನಿಲ್ಲೋದು ಕಟಿಂಗ್ ಶಾಪಿನ ಮುಂದೆ. ಅಲ್ಲಿ ತಂಗುದಾಣ ಇಲ್ಲ. ಕಟಿಂಗ್ ಶಾಪಿನವನ ತಗಡಿನ ಬೋರ್ಡು ಚರಂಡಿ ದಾಟಿ ರಸ್ತೆ ತನಕ ಚಾಚಿತ್ತು, ಮಳೆ ಬಂದ್ರೆ ಜನ ಅದರ ಅಡಿ ನಿಲ್ತಿದ್ರು. ರೂಲ್ಸು ಬಂದ ಮೇಲೆ ಅವನು ಬೋರ್ಡನ್ನ ಗೋಡೆಗೆ ಒತ್ತಿ ಹೊಡೆದ. ಜನಕ್ಕೆ ಮಳೆಗಿದ್ದ ಆಸರೆ ಹೋಯ್ತು.

ಅವರು ಇನ್ನೆಲ್ಲಿಗೆ ಹೋಗ್ತಾರೆ, ಶಾಪಿನ ಒಳಕ್ಕೆ ಬಂದ್ರು. ಸುಮ್ನೆ ಕೂತ್ಕೊಳ್ಳೋಕೆ ಸಂಕೋಚ, ಹಂಗಾಗಿ ಒಂದು ಶೇವಿಂಗ್ ಮಾಡ್ಬುಡು ಮಾರಾಯ ಅನ್ನೋರು. ಬಸ್ಸು ತಡವಾದ್ರೆ ಕಟಿಂಗೂ ಆಗೋದು. ಒಬ್ಬರು ಮೇಷ್ಟ್ರು ಬೆಳಿಗ್ಗೆ ಶೇವ್ ಮಾಡಿಸಿ, ಬಸ್ಸು ಕೆಟ್ಟು ನಿಂತಿದ್ದಕ್ಕೆ ಸಂಜೇನೂ ಮಾಡಿಸಿದ್ರು. ಅವರ ಗಲ್ಲದ ಮೇಲೆ ಏನೂ ಇರಲಿಲ್ಲ, ಮರ್ಯಾದೆಗೆ ಅಂತ ಇವನೂ ಕತ್ತಿ ಆಡಿಸಿದ.

ಬಸ್ಸು ಬಂದಾಗ ಅರ್ಧ ಸೋಪಿನ ಮುಖದಾಗೆ ಕೂತಿರೋರು ಓಡೋಕಾಗಲ್ಲ. ಕಂಡಕ್ಟರು ಇಳಿದು ಬಂದು ಕರೀಬೇಕು. ಬಂದ ಕಂಡಕ್ಟರೂ ಎಷ್ಟು ಹೊತ್ತು ನಿಂತಿರ್ತಾರೆ, ಪಕ್ಕದ ಕುರ್ಚೀಲಿ ಕೂತ್ರು. ಈಗ ನಮ್ಮೂರಿಂದ ಹೊಸಕೋಟೆ ಬಸ್ಸು ಯಾವಾಗ ಬಿಡ್ತದೆ ಅಂತ ಯಾರಾದ್ರೂ ಕೇಳಿದ್ರೆ, ಕಂಡಕ್ಟರ ಮೀಸೆ ಒಂದು ಕಡೆ ಆಗೈತೆ, ಇನ್ನೊಂದು ಕಡೆ ಬಾಕಿ ಐತೆ ಅಂತೀವಿ.

ನನ್ನ ಬೋರ್ಡು

ಎಲ್ಲಾರದ್ದೂ ಒಂದು ದಡ ಹತ್ತಿತು, ನಂದೇ ಉಳೀತು. ಮಳೆ ನಿಂತು ಹೊಳವಾಯ್ತು. ಆಫೀಸರು ಇವತ್ತೋ ನಾಳೆಯೋ ಅನ್ನಂಗಾಯ್ತು. ಸೊಸೆ ತವರಿಗೆ ಹೋಗಿದ್ಲು. ಬೋರ್ಡು ಬರೆಸೋದು ತಗಡಿಗೆ ಅಂತ ನಾನು ತಿಳ್ಕೊಂಡಿದ್ದೆ. ಈಗೆಲ್ಲ ಫ್ಲೆಕ್ಸು ಅಜ್ಜಿ, ಒಂದು ಗಂಟೇಲಿ ಆಗ್ತದೆ ಅಂತ ಕಟಿಂಗ್ ಶಾಪಿನವನು ಹೇಳಿದ. ಬೀದಿ ಕೊನೇಲಿ ಫ್ಲೆಕ್ಸ್ ಅಂಗಡಿ ಐತೆ. ನಮ್ಮಂಥ ಸಣ್ಣ ಊರಲ್ಲಿ ಅವನಿಗೆ ಹುಟ್ಟುಹಬ್ಬದ ಗಿರಾಕಿ ಯಾವಾಗೋ ಒಂದು. ಅವನ ಅಂಗಡಿ ನಡೆಯೋದು ತೀರಿ ಹೋದವರ ಫ್ಲೆಕ್ಸಿಂದ.

ಅವನು ಫೋಟೋ ಕೇಳಿದ. ಆಧಾರ್ ಕಾರ್ಡಿಗೆ ಹೋದಾಗ ನಗಬೇಡಿ ಅಂತ ಹೇಳಿದ್ರಲ್ಲ, ಅದೇ ಥರದ್ದೊಂದಿತ್ತು, ಕೊಟ್ಟೆ. ಹೆಂಗಿರಬೇಕಜ್ಜಿ ಅಂದ.

"ನಂಗೇನ್ ಗೊತ್ತಪ್ಪ. ಲಕ್ಷಣವಾಗಿರ್ಲಿ. ಸುತ್ತ ಹೂವು, ಅತ್ಲಾಗೊಂದು ಇತ್ಲಾಗೊಂದು ದೀಪ ಇದ್ರೆ ಚೆಂದ."

"ಹಂಗಾದ್ರೆ ರೆಡೀನೇ ಐತೆ," ಅಂದ.

ಮಾರನೆ ಬೆಳಿಗ್ಗೆ ಬಂದು ಕಟ್ಟಿ ಹೋದ. ನಂಗೆ ಓದೋಕೆ ಬರಲ್ಲ, ನೋಡೋಕೆ ಬರ್ತದೆ. ಸೇವಂತಿಗೆ ಹೂವಿನ ಹಾರದೊಳಗೆ ನನ್ನ ಮುಖ, ಎರಡು ಕಡೆ ದೀಪ, ಹಿಂದೆ ಮೋಡ. ಮೋಡ ನಾನು ಕೇಳಿರಲಿಲ್ಲ, ಅವನಾಗೇ ಹಾಕಿದ್ದ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಅಜ್ಜಿ ಕಡುಬಿನ ಹೋಟ್ಲು' ಅಂತ ಐತೆ ಅಂದ. ನಂಗೆ ಬಾಳ ಸಂತೋಷ ಆಯ್ತು.

ಅವತ್ತು ಏನೋ ಒಂಥರಾ ಇತ್ತು. ಮಂಗಳೂರು ಕಡೆ ಲಾರಿಯೋರು ದಿನಾ ಹಾರ್ನ್ ಹೊಡ್ಕೊಂಡು ಬಂದು ನಿಲ್ಸೋರು, ಅವತ್ತು ನಿಧಾನ ಮಾಡಿ, ಕೈ ಮುಗಿದು, ಹಂಗೇ ಹೊರಟೋದ್ರು. ಬೋರ್ಡು ಹಾಕಿದ್ದಕ್ಕೆ ಎಷ್ಟು ಮರ್ಯಾದೆ ನೋಡು ಅನ್ಕೊಂಡೆ. ಕಡುಬು ಮಾತ್ರ ಹಂಗೇ ಉಳೀತು.

ಮಧ್ಯಾಹ್ನದ ಬಸ್ಸಲ್ಲಿ ಸೊಸೆ ಬಂದ್ಲು. ಕಿಟಕೀಲೇ ಬೋರ್ಡು ನೋಡಿ, ಬಸ್ಸಲ್ಲೇ ಶುರು ಮಾಡ್ಕೊಂಡು, ಇಳಿದು ಅತ್ತೆ ಅಂತ ಗೋಳಾಡ್ಕೊಂಡು ಓಡಿ ಬಂದ್ಲು. ಜೊತೇಗೆ ಇಳಿದವರು ಅವಳನ್ನ ಹಿಡ್ಕೊಂಡಿದ್ರು. ಯಾರಿಗೇನಾಯ್ತೇ ಅಂತ ನಾನೂ ಗಾಬರಿಯಾಗಿ ಹೊರಕ್ಕೆ ಬಂದೆ. ನನ್ನ ನೋಡಿ ಹಿಡ್ಕೊಂಡಿದ್ದವರು ಕೈ ಬಿಟ್ರು. (ಇದನ್ನ ಬರೆಸಬೇಡಿ ಅಂತ ಅವಳೀಗ ಪೆನ್ನು ಕೆಳಗಿಟ್ಟವಳೆ. ಬರೀ ಅಂದಿದೀನಿ.)

ಬೋರ್ಡಿನ ವಿಷಯ ನಂಗೆ ತಿಳಿದಿದ್ದೇ ಆಗ. ಇಳಿಸೋಣ ಅಂತ ಅವಳು ಏಣಿ ಹುಡುಕ್ತಿದ್ಲು, ಅಷ್ಟರಲ್ಲಿ ಜೀಪು ಬಂತು. ನಾನು ಒಲೆ ಹತ್ರ ಒಳಗಿದ್ದೆ. ಆಫೀಸರು ಬೀಗ ಕೈಯಲ್ಲಿ ಹಿಡ್ಕೊಂಡು ಇಳಿದೋರು ಬೋರ್ಡು ನೋಡಿದ್ರಂತೆ. ಬೀಗಾನ ವಾಪಸ್ ಜೀಪಿನಾಗೆ ಇಟ್ರಂತೆ. ಚಪ್ಪಲಿ ಹೊರಗೆ ಬಿಟ್ಟು ಬಂದು ಬೆಂಚಿನ ತುದೀಲಿ ಕೂತ್ರು. ಸೊಸೆ ಕಣ್ಣು ಇನ್ನೂ ಕೆಂಪಗಿತ್ತು.

"ಧೈರ್ಯ ತಂದ್ಕೊಳ್ಳಿ ಅಮ್ಮ. ಬೀಗದ ಮಾತು ಈಗ ಬ್ಯಾಡ. ಕಾರ್ಯ ಎಲ್ಲ ಮುಗೀಲಿ, ಆಮೇಲೆ ನೋಡೋಣ," ಅಂದ್ರು.

ಸೊಸೆ ಓದಿದವಳು. ಬೀಗದ ಮಾತು ಬ್ಯಾಡ ಅಂದಿದ್ದು ಕೇಳಿ ಅವಳು ಬಾಯಿ ಬಿಡಲಿಲ್ಲ. ಕಣ್ಣಿಗೆ ಸೆರಗು ಒತ್ಕೊಂಡು ಇನ್ನೊಂದು ಸಲ ಅತ್ಲು. ಒಳಗಿದ್ದ ನನ್ನ ಕಡೆಗೆ ಬೆನ್ನ ಹಿಂದಿನಿಂದ ಕೈ ಅಲ್ಲಾಡಿಸಿದ್ಲು. ಬರಬೇಡಿ ಅಂತ ಅವಳ ಅರ್ಥ. ಬೇಗ ತನ್ನಿ ಅಂತ ನಾನು ತಿಳ್ಕೊಂಡೆ. ತಟ್ಟೇಲಿ ನಾಲ್ಕು ಕಡುಬು ಇಟ್ಟು, ಹುಚ್ಚೆಳ್ಳು ಚಟ್ನಿ ಹಾಕ್ಕೊಂಡು ಹೊರಗೆ ಬಂದೆ.

ಆಫೀಸರು ನನ್ನ ನೋಡಿದ್ರು. ಬಗ್ಗಿ ಬೋರ್ಡು ನೋಡಿದ್ರು. ಮತ್ತೆ ನನ್ನ ನೋಡಿದ್ರು. ಕುಡಿಯೋಕೆ ನೀರು ಕೊಟ್ಟೆ, ಕುಡುದ್ರು.

"ಬೋರ್ಡು ರೂಲ್ಸಿಗೆ ಸರಿ ಐತಾ ಸ್ವಾಮಿ?" ಅಂದೆ.

ಅವರು ಹೊರಗೆ ಹೋಗಿ ಚರಂಡಿ ನೋಡಿ, ಅಕ್ಷರ ನೋಡಿ ಬಂದ್ರು. "ಸರಿ ಐತೆ ಅಜ್ಜಿ. ಪೂರ್ತಿ ಕನ್ನಡ ಐತೆ, ಚರಂಡೀನೂ ದಾಟಿಲ್ಲ. ಆ ದೀಪ ಎರಡು ಮಾತ್ರ ತೆಗೆಸಿ."

"ದೀಪ ಇರಬಾರದು ಅಂತ ರೂಲ್ಸಲ್ಲಿ ಐತಾ?"

ಜೇಬಿಂದ ನೋಟೀಸು ತೆಗೆದು ಮೇಲಿಂದ ಕೆಳಗೆ ಓದಿದ್ರು. "ಇಲ್ಲ," ಅಂದ್ರು.

"ಹಂಗಾದ್ರೆ ಇರ್ಲಿ ಬುಡಿ. ಕಡುಬು ಆರೋಗ್ತದೆ."

ನಾಲ್ಕೂ ತಿಂದ್ರು, ಇನ್ನೆರಡು ಹಾಕಿಸ್ಕೊಂಡ್ರು. ಬೀಗ ಜೀಪಲ್ಲೇ ಉಳೀತು.

ಫ್ಲೆಕ್ಸ್ ಅಂಗಡಿಯವನಿಗೆ ಬೇಜಾರಾಗಿ ಸಂಜೆ ಬಂದ. ದೀಪ, ಹಾರ ಈಗ ಅಳಿಸೋಕಾಗಲ್ಲ ಅಜ್ಜಿ, ಆದ್ರೆ ಇದು ಹೋಟ್ಲು ಅಂತ ದಾರಿಹೋಕರಿಗೆ ಗೊತ್ತಾಗಂಗೆ ಮಾಡ್ಕೊಡ್ತೀನಿ ಅಂದ. ಒಳ್ಳೇದಪ್ಪ ಅಂದೆ. ಮಾರನೆ ದಿನ ಒಂದು ಬಾಳೆ ಎಲೆ, ಅದರ ತುಂಬ ಕಡುಬು, ಪಕ್ಕದಲ್ಲಿ ಒಂದು ಲೋಟ ಟೀ ಪ್ರಿಂಟ್ ಹಾಕಿ ತಂದು, ನನ್ನ ಫೋಟೋದ ಮುಂದೆ ಸರಿಯಾಗಿ ನಡುವಿಗೆ ಅಂಟಿಸಿ ಹೋದ.

ಎಡೆ ಇಡೋದೊಂದು ಬಾಕಿ ಇತ್ತು, ಅದೂ ಆಯ್ತು. ಲಾರಿಯೋರು ಈಗ ನಿಲ್ಲಿಸ್ತಾರೆ, ಹೊರಗೆ ನನ್ನ ಫೋಟೋಗೆ ಕೈ ಮುಗೀತಾರೆ, ಒಳಗೆ ಬಂದು ನನ್ನ ಕೈಯಲ್ಲೇ ಟೀ ಇಸ್ಕೊಂಡು ಕುಡೀತಾರೆ. ಇಳಿಸ್ಬುಡೋಣ ಅತ್ತೆ ಅಂತ ಸೊಸೆ ಇವತ್ತಿಗೂ ಅಂತಾಳೆ. ಸುಮ್ನಿರೇ ಅಂತೀನಿ. ಕೈ ಮುಗಿದು ಒಳಗೆ ಬಂದೋರು ಯಾರೂ ಚಟ್ನಿಗೆ ಉಪ್ಪು ಕಮ್ಮಿ ಅಂದಿಲ್ಲ.